ಸೀಟಿ ಊದಿದವನೇ ಸಾಹೇಬ

ಕೋಸ್ಟರಿಕಾದ ಪೆಸಿಫಿಕ್ ಕರಾವಳಿಯಲ್ಲಿರುವ ಮ್ಯಾನುಯೆಲ್ ಆಂಟೋನಿಯೊ ರಾಷ್ಟ್ರೀಯ ಉದ್ಯಾನಕ್ಕೆ ಹೋದವರ ಕಣ್ಣಿಗೆ ಮೊಟ್ಟಮೊದಲು ಬೀಳುವ ಪ್ರಾಣಿಗೆ ಕೊರಳಲ್ಲಿ ಗುರುತಿನ ಚೀಟಿ, ಬಾಯಲ್ಲಿ ಸೀಟಿ. ಗೇಟು ಇನ್ನೂ ದೂರ ಇರುವಾಗಲೇ ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿಯುತ್ತದೆ. ‘ಮುಂದೆ ಗಾಡಿ ಬಿಡಲ್ಲ, ಇದೇ ಕೊನೇ ಪಾರ್ಕಿಂಗ್!’ ಅಂಗಿಯ ಬಣ್ಣ ನೋಡಿದರೆ ಇಲಾಖೆಯವನೇ ಅನ್ನಿಸಬೇಕು. ಇಲಾಖೆಗೂ ಅವನಿಗೂ ಇರುವ ನಂಟು ಆ ಬಣ್ಣದ್ದಷ್ಟೇ. ಮುಂದೆ ರಸ್ತೆಯೂ ಇದೆ, ಗೇಟಿನ ಹತ್ತಿರ ಜಾಗವೂ ಇದೆ. ಆದರೆ ಸೀಟಿ ಕೇಳಿದೊಡನೆ ಬ್ರೇಕ್ ತುಳಿಯುವುದು ನಮ್ಮ ರಕ್ತದಲ್ಲೇ ಬಂದಿದೆಯಲ್ಲ! ಗಾಜು ಇಳಿಸಿದಿರೋ, ಪಾರ್ಕಿಂಗ್, ಗೈಡ್, ಟಿಕೆಟ್ ಎಲ್ಲಕ್ಕೂ ಅಲ್ಲೇ ವಸೂಲಿ. ಅಸಲಿ ಟಿಕೆಟ್ ಗೇಟಿನಲ್ಲೂ ಸಿಗದು. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು, ದಿನ, ಹೊತ್ತು ಆರಿಸಿ, ಸರ್ಕಾರಿ ಜಾಲತಾಣದಲ್ಲಿ ಮೊದಲೇ ತೆಗೆದಿಡಬೇಕು. ಮಂಗಳವಾರ ಉದ್ಯಾನಕ್ಕೆ ರಜೆ. ಸೀಟಿಗೆ ವಾರದ ರಜೆ ಎಂದೆಂಬುದನ್ನು ಇನ್ನೂ ಯಾರೂ ಗೊತ್ತುಮಾಡಿದಂತಿಲ್ಲ.

ಗೇಟಿನಲ್ಲಿ ಅಸಲಿ ಸಿಬ್ಬಂದಿ ಬ್ಯಾಗ್ ಬಿಚ್ಚಿಸಿ ಚಿಪ್ಸ್ ಪೊಟ್ಟಣ ಹೊರಗಿಡಿ ಅನ್ನುತ್ತಾರೆ. ದಾರಿಯಲ್ಲಿ ಗುರುತುಪರಿಚಯವಿಲ್ಲದವನಿಗೆ ತುಟಿ ಪಿಟಕ್ಕೆನ್ನದೆ ಡಾಲರ್ ಎಣಿಸಿಕೊಟ್ಟವರಿಗೆ ಇಲ್ಲಿ ಇದ್ದಕ್ಕಿದ್ದಂತೆ ಕಾನೂನು ನೆನಪಾಗುತ್ತದೆ. ವಾದ ಗೆದ್ದೋ ಬಚ್ಚಿಟ್ಟೋ ಒಯ್ದವರಿಗೆ ಕಡಲತೀರದಲ್ಲಿ ಎರಡನೇ ತಪಾಸಣೆ. ಅಲ್ಲಿ ಡ್ಯೂಟಿಯಲ್ಲಿರುವುದು ಬಿಳಿಮುಖದ ಕಪುಚಿನ್ ಕೋತಿ. ಜಿಪ್ ಎಳೆಯಲು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಕೋತಿಯಿಂದ ಕಾಪಾಡಲು ಬ್ಯಾಗನ್ನು ಮರಕ್ಕೆ ನೇತುಹಾಕುವ ಮಹಾಜಾಣರೂ ಇದ್ದಾರೆ. ಮರಳಲ್ಲಿಟ್ಟರೆ ರಕೂನ್ ಬರುತ್ತದೆ. ಒಬ್ಬರು ಬ್ಯಾಗಿನ ಪಕ್ಕ ಕೂತು ಉಳಿದವರು ನೀರಿಗಿಳಿಯಬೇಕು, ಬೇರೆ ದಾರಿಯಿಲ್ಲ.

ಇನ್ನು ಕೊಂಬೆಗೆ ಜೋತುಬಿದ್ದೇ ಕಾಲ ಕಳೆಯುವ ನಿಧಾನದ ಪ್ರಾಣಿ ಸ್ಲಾತ್‌ನ ದರ್ಶನ. ಮೂರು ಬೆರಳಿನ ಸ್ಲಾತ್ ಮರ ಇಳಿಯುವುದೇ ಹೆಚ್ಚುಕಮ್ಮಿ ವಾರಕ್ಕೊಮ್ಮೆ, ಅದೂ ಕಕ್ಕಸ್ಸಿಗೆ. ರೋಮದಲ್ಲಿ ಪಾಚಿ ಕಟ್ಟಿ ಹಸಿರು ತಿರುಗಿರುತ್ತದೆ, ಎಲೆಗಳ ನಡುವೆ ಬರಿಗಣ್ಣಿಗೆ ಸಿಗದು. ಗೈಡ್ ಮುಕ್ಕಾಲಿಯ ಮೇಲೆ ದುರ್ಬೀನು ಹೂಡಿಕೊಟ್ಟರೆ, ಕಣ್ಣಿಡಬೇಕಾದ ಕಡೆ ಇವರು ಫೋನ್ ಇಡುತ್ತಾರೆ. ಬರೀ ಕತ್ತಲು! ಫೋನಿನ ಲೆನ್ಸು ದುರ್ಬೀನಿನ ಗಾಜಿಗೆ ನೇರ ಕೂರಬೇಕು, ಕೊಂಚ ಜರುಗಿದರೂ ಕಪ್ಪು. ಮೂರು ಲೆನ್ಸಿನ ದುಬಾರಿ ಫೋನಾದರೆ ಮೊದಲು ಯಾವುದು ಕೆಲಸ ಮಾಡುತ್ತಿದೆಯೆಂದು ಬೆರಳಿಟ್ಟು ಹುಡುಕಬೇಕು. ಅಷ್ಟರಲ್ಲಿ ಯಾರದೋ ಮೊಣಕೈ ಮುಕ್ಕಾಲಿಗೆ ತಗಲಿ, ಸ್ಲಾತ್ ಹೋಗಿ ಆಕಾಶ ಬಂದಿರುತ್ತದೆ. ಕೊನೆಗೂ ಸಿಗುವುದು ಕಪ್ಪು ವೃತ್ತದೊಳಗೆ ಹಳೇ ಕಾಲೊರಸಿನಂಥ ಏನೋ ಒಂದು. ‘ಅಲ್ಲಾಡ್ತಾನೇ ಇಲ್ವಲ್ರೀ’ ಎಂಬ ದೂರು ಬೇರೆ.

ಇಳಿತದ ಹೊತ್ತು ನೋಡಿಕೊಂಡು ಹೋದರೆ ಅಲ್ಲಿನ ತೀರದಲ್ಲಿ ಅರ್ಧಚಂದ್ರದ ಹಾಗೆ ಜೋಡಿಸಿದ ಕಲ್ಲಿನ ಸಾಲು ಕಾಣುತ್ತದೆ. ಸ್ಪ್ಯಾನಿಷರು ಬರುವ ಮುಂಚೆ ಇಲ್ಲಿನ ಮೂಲನಿವಾಸಿಗಳು ಆಮೆ ಹಿಡಿಯಲು ಕಟ್ಟಿದ್ದು. ಉಬ್ಬರದ ನೀರಿನ ಜೊತೆ ಒಳಗೆ ಬಂದ ಆಮೆ, ನೀರು ಇಳಿದ ಮೇಲೆ ಕಲ್ಲಿನಾಚೆ ದಾಟಲಾಗದೆ ಅಲ್ಲೇ ಬಾಕಿ. ಸಿಕ್ಕಿಬಿದ್ದ ಆಮೆಗೆ ಪಾರ್ಕಿಂಗ್ ಚೀಟಿ ಹರಿದುಕೊಡುವ ಪದ್ಧತಿ ಆಗ ಇರಲಿಲ್ಲ.