ವಿಳಾಸವಿರುವ ಗೋಳು

ಕಂಟ್ರಿ ಹಾಡಿನ ರೆಕಾರ್ಡನ್ನು ಉಲ್ಟಾ ತಿರುಗಿಸಿದರೆ ಏನಾಗುತ್ತದೆ ಅಂತ ಅಮೆರಿಕದಲ್ಲಿ ಒಂದು ಹಳೆಯ ಜೋಕಿದೆ. ಬಿಟ್ಟುಹೋದ ಹೆಂಡತಿ ವಾಪಸ್ ಬರುತ್ತಾಳೆ. ಸತ್ತ ನಾಯಿ ಎದ್ದು ಬಾಲ ಆಡಿಸುತ್ತದೆ. ಸಾಲ ಕೊಟ್ಟವರು ಎಳೆದುಕೊಂಡು ಹೋದ ಟ್ರಕ್ ಮನೆ ಮುಂದೆ ಬಂದು ನಿಲ್ಲುತ್ತದೆ. ಕುಡಿದದ್ದೂ ಇಳಿಯುತ್ತದೆ. ಜೋಕು ಹಳಸಿದೆ, ಆದರೆ ಸುಳ್ಳೇನಲ್ಲ. ಈ ಸಂಗೀತದ ಬಂಡವಾಳವೇ ಗೋಳು.

ಗೋಳು ಕೇಳುವುದು ನನಗಿಷ್ಟ. ನಮ್ಮ ಕಡೆಯೂ ಅದಕ್ಕೆ ಬರವಿರಲಿಲ್ಲ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತರೆ ಅಡಿಕೆಗೆ ಕೊಳೆ ಬಂದದ್ದು, ಅಳಿಯ ಮಾತು ಬಿಟ್ಟದ್ದು, ಹಸು ಗಬ್ಬ ನಿಲ್ಲದ್ದು ಎಲ್ಲ ಪುಕ್ಕಟೆ ಸಿಗುತ್ತಿತ್ತು. ಈಗ ನಾನಿರುವ ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ ಯಾರೂ ಯಾರಿಗೂ ಗೋಳು ಹೇಳುವುದಿಲ್ಲ. ಎಲ್ಲರೂ 'ಗ್ರೇಟ್' ಆಗಿರುತ್ತಾರೆ. ಹಾಗಾಗಿ ಆಫೀಸಿಗೆ ಹೋಗಿಬರುವ ಕಾರಿನಲ್ಲಿ ಗೋಳನ್ನು ಹಾಕಿಕೊಂಡು ಕೇಳುತ್ತೇನೆ.

ಕಂಟ್ರಿ ಅಂದರೆ ಈ ದೇಶದ ದಕ್ಷಿಣದ ಹಳ್ಳಿಗಳಿಂದ, ಅಪಲಾಚಿಯನ್ ಬೆಟ್ಟಗಳಿಂದ ಬಂದ ಹಾಡು. ಪಿಟೀಲು, ಬ್ಯಾಂಜೊ, ಗಿಟಾರ್, ಜೊತೆಗೆ ಸ್ವಲ್ಪ ಮೂಗಿನಿಂದ ಹೊರಡುವ ದನಿ. ಅಮೆರಿಕಾನ ಅಂದರೆ, ನನ್ನ ಲೆಕ್ಕದಲ್ಲಿ, ರೇಡಿಯೊದವರು ಹಾಕದ ಕಂಟ್ರಿ. 1999ರಲ್ಲಿ ಅದಕ್ಕೊಂದು ಸಂಘ ಹುಟ್ಟಿತು, 2010ರಿಂದ ಗ್ರ್ಯಾಮಿಯಲ್ಲಿ ಬೇರೆ ಪ್ರಶಸ್ತಿಯೂ ಬಂತು. ಎರಡರ ನಡುವಿನ ಬೇಲಿ ಎಲ್ಲಿದೆ ಅಂತ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ನನಗೆ ಆ ಬೇಲಿಗಿಂತ ಬೇರೆಯದೇ ಒಂದು ಮುಖ್ಯ. ಗೋಳಿಗೆ ವಿಳಾಸ ಇದೆಯೋ ಇಲ್ಲವೋ?

ರೇಡಿಯೊ ಕಂಟ್ರಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯಾವುದೋ ಮಣ್ಣು ರಸ್ತೆ, ಯಾವುದೋ ಟ್ರಕ್, ಯಾವುದೋ ಶುಕ್ರವಾರದ ರಾತ್ರಿ, ಜೀನ್ಸ್ ತೊಟ್ಟ ಯಾವುದೋ ಹುಡುಗಿ. ಎಲ್ಲಿಯ ರಸ್ತೆ ಮಾರಾಯ, ಎಂದು ಕೇಳಿದರೆ ಉತ್ತರವಿಲ್ಲ. ಅಂಥ ದುಃಖ ನನಗೆ ನಾಟುವುದೇ ಇಲ್ಲ. ಈಚಿನ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ ಆಲ್ಬಂಗಳೆಲ್ಲ ಊರು, ಹಳ್ಳ, ಗಿಟಾರಿನ ಇಸವಿ ಸಮೇತ ಅಳುವಂಥವು.

ಜೇಸನ್ ಇಸ್ಬೆಲ್‌ನನ್ನೇ ತೆಗೆದುಕೊಳ್ಳಿ. ಅಲಬಾಮದವನು. 2025ರ ಮಾರ್ಚಿನಲ್ಲಿ ಬಂದ ಅವನ 'ಫಾಕ್ಸಸ್ ಇನ್ ದ ಸ್ನೋ' ಆಲ್ಬಂನಲ್ಲಿ ಅವನ ವಾದ್ಯವೃಂದ ಇಲ್ಲ. ಅವನ ದನಿ, ಮತ್ತು 1940ರ ಒಂದು ಮಾರ್ಟಿನ್ ಗಿಟಾರ್, ಅಷ್ಟೇ. ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಐದು ದಿನದಲ್ಲಿ ಮುಗಿಸಿದ. ಸಣ್ಣ ಗಿಟಾರ್ ಅದು, ದೊಡ್ಡ ಸದ್ದು ಮಾಡಲು ಬರುವುದಿಲ್ಲ. ಎಲ್ಲೂ ಅಡಗಿಕೊಳ್ಳುವಂತಿಲ್ಲ ಅವನು. ಮದುವೆ ಮುರಿದ ಮೇಲೆ ಬರೆದ ಹಾಡುಗಳು. ಕೆಲವು ಕಡೆ ತನ್ನದೇ ತಪ್ಪು ಅನ್ನುತ್ತಾನೆ, ಕೆಲವು ಕಡೆ ನಯವಾಗಿ ಇನ್ನೊಬ್ಬರ ಮೇಲೆ ಹಾಕುತ್ತಾನೆ, ನಡುವೆ ಹೊಸ ಪ್ರೀತಿಯ ಹಾಡೂ ಬಂದುಬಿಡುತ್ತದೆ. ಮನುಷ್ಯರು ಹೀಗೇ ಅಲ್ವಾ?

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮಾಂಡಾ ಶೈರ್ಸ್‌ಳ ಆಲ್ಬಂ ಬಂತು, 'ನೋಬಡೀಸ್ ಗರ್ಲ್'. ಮದುವೆಯಲ್ಲಿದ್ದ ಇನ್ನೊಬ್ಬರು ಇವಳೇ. ಅವನ ತಂಡದಲ್ಲಿ ಪಿಟೀಲು ನುಡಿಸುತ್ತಿದ್ದವಳು. ಈಗ ಅವಳ ಕಡೆಯ ಲೆಕ್ಕ ಹೊರಗೆ ಬಿತ್ತು. ನನ್ನ ಹೆಂಡತಿಗೆ ಕಂಟ್ರಿ ಅಂದರೆ ಅಷ್ಟಕ್ಕಷ್ಟೇ. ಆದರೆ ಈ ಎರಡು ಆಲ್ಬಂಗಳನ್ನು ಅವಳು ಹಳ್ಳಿ ಪಂಚಾಯಿತಿಯ ಕಟ್ಟೆಯ ಮೇಲೆ ಕೂತವಳ ಹಾಗೆ ಕೇಳಿದಳು. "ಅವನ ರಾಗ ಚೆನ್ನಾಗಿದೆ ರೀ, ಆದರೆ ಇವಳು ಹೇಳೋದು ನಿಜ" ಅಂತ ತೀರ್ಪು ಬಂತು. ಸಂಗೀತದ ದೃಷ್ಟಿಯಿಂದ ಇಸ್ಬೆಲ್‌ನದೇ ಮೇಲು ಅಂತ ನಾನು ವಾದಿಸಿದೆ. ನೀವು ಗಂಡಸರೆಲ್ಲ ಒಂದೇ ಅನ್ನಿಸಿಕೊಂಡೆ.

ಇದಕ್ಕೆ ಪೂರ್ತಿ ಉಲ್ಟಾ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್. ದಶಕಗಳಿಂದ ಒಟ್ಟಿಗೆ ಹಾಡುತ್ತಿರುವ ಜೋಡಿ. ಯಾರ ದನಿ ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಅಂತ ತಿಳಿಯದಷ್ಟು ಹತ್ತಿರ ಹತ್ತಿರ ಹಾಡುತ್ತಾರೆ. ನ್ಯಾಶ್‌ವಿಲ್‌ನ ಪೂರ್ವ ಭಾಗದಲ್ಲಿ ವುಡ್‌ಲ್ಯಾಂಡ್ ಅನ್ನುವ ಅವರ ಸ್ಟುಡಿಯೊ ಇದೆ. 2020ರ ಮಾರ್ಚ್ 3ರ ನಡುರಾತ್ರಿ ಸುಂಟರಗಾಳಿ ಬಂದು ಅದರ ಚಾವಣಿಯನ್ನು ಕಿತ್ತುಹಾಕಿತು. ಮಳೆ ಸುರಿಯುತ್ತಿತ್ತು, ಕರೆಂಟಿಲ್ಲ. ಇಬ್ಬರೂ ಕತ್ತಲಲ್ಲಿ ಟೇಪುಗಳನ್ನೂ ವಾದ್ಯಗಳನ್ನೂ ಹೊತ್ತು ಉಳಿಸಿಕೊಂಡರು. ಕಟ್ಟಡವನ್ನು ಮತ್ತೆ ಕಟ್ಟಿ, ಅಲ್ಲೇ ರೆಕಾರ್ಡ್ ಮಾಡಿ, 2024ರ ಆಗಸ್ಟಿನಲ್ಲಿ ಆಲ್ಬಂ ತಂದರು. ಅದರ ಹೆಸರೂ 'ವುಡ್‌ಲ್ಯಾಂಡ್'. ಹತ್ತೇ ಹಾಡು. ಮುಂದಿನ ವರ್ಷ ಅದಕ್ಕೆ ಜಾನಪದ ವಿಭಾಗದ ಗ್ರ್ಯಾಮಿ ಸಿಕ್ಕಿತು. ಮೊದಲ ಹಾಡಿನಲ್ಲಿ ಒಂದು ಖಾಲಿ ಗೂಡ್ಸ್ ರೈಲು ಹೋಗುತ್ತದೆ. ಡಬ್ಬಿಗಳಲ್ಲಿ ಸರಕಿಲ್ಲ, ಆಚೆಯ ಆಕಾಶ ಕಾಣುತ್ತದೆ. ಅಷ್ಟೇ ವಿಷಯ. ಸುಂಟರಗಾಳಿಯ ಬಗ್ಗೆ ಗೊತ್ತಿದ್ದವರು ಅಲ್ಲಿ ಚಾವಣಿಯಿಲ್ಲದ ಕಟ್ಟಡವನ್ನೂ ಕಾಣಬಹುದು. ಗೊತ್ತಿಲ್ಲದವರಿಗೆ ಒಂದು ರೈಲು ಸಾಕು.

ರಾಲಿಂಗ್ಸ್ ನುಡಿಸುವ ಗಿಟಾರ್ 1935ರದು. ಈ ಜನಕ್ಕೆ ಹಳೆಯ ಮರದ ಮೇಲೆ ಯಾಕಿಷ್ಟು ಮೋಹವೋ! ಕಂಟ್ರಿಯ ಹಿರಿಯ ಗಾಯಕ ವಿಲ್ಲಿ ನೆಲ್ಸನ್ ಹುಟ್ಟಿದ್ದು 1933ರಲ್ಲಿ. ಅವನ 'ಟ್ರಿಗರ್' ಗಿಟಾರಿಗೆ ಉಜ್ಜಿ ಉಜ್ಜಿ ದೊಡ್ಡದೊಂದು ತೂತೇ ಬಿದ್ದಿದೆ. ಆದರೂ ಬಿಡುವುದಿಲ್ಲ, ಆಲ್ಬಂಗಳು ಬರುತ್ತಲೇ ಇವೆ. ಅವನ ವಿಷಯ ಶುರು ಮಾಡಿದರೆ ಇಲ್ಲಿಗೆ ಮುಗಿಯುವುದಿಲ್ಲ.

ಕೇಟಿ ಕ್ರಚ್‌ಫೀಲ್ಡ್ ತನ್ನ ತಂಡಕ್ಕೆ ಇಟ್ಟ ಹೆಸರು ವಾಕ್ಸಹ್ಯಾಚಿ. ಅದು ಅಲಬಾಮದಲ್ಲಿ ಅವಳ ಮನೆಯವರು ಇರುವ ಕಡೆಯ ಹಳ್ಳದ ಹೆಸರು. 2024ರ ಆಲ್ಬಂನ ಹೆಸರು 'ಟೈಗರ್ಸ್ ಬ್ಲಡ್'. ಹುಲಿಯ ರಕ್ತ ಅಂದಕೂಡಲೇ ನಾನು ಏನೋ ಭಯಂಕರ ಅಂದುಕೊಂಡೆ. ನೋಡಿದರೆ ಅದು ಐಸ್ ಗೋಲಕ್ಕೆ ಹಾಕುವ ಕೆಂಪು ಸಿರಪ್. ಸ್ಟ್ರಾಬೆರಿ, ಕಲ್ಲಂಗಡಿ, ತೆಂಗಿನಕಾಯಿ ಬೆರೆತ ರುಚಿ. ತಿಂದರೆ ಹಲ್ಲು, ನಾಲಿಗೆ, ಅಂಗಿ ಎಲ್ಲ ಕೆಂಪು. ಬೇಸಿಗೆ, ಹಳೆಯ ಸ್ನೇಹ, ಕುಡಿತ ಬಿಟ್ಟವಳ ಎಚ್ಚರ, ಎಲ್ಲವೂ ಆ ಒಂದು ಹೆಸರಿನೊಳಗೆ ಕೂತಿವೆ.

ಅದರಲ್ಲಿ ಜೊತೆಗೆ ಹಾಡಿ ಗಿಟಾರ್ ನುಡಿಸಿದ ಎಂ.ಜೆ. ಲೆಂಡರ್‌ಮನ್ ನಮ್ಮ ರಾಜ್ಯದವನೇ, ಆ್ಯಶ್‌ವಿಲ್‌ನ ಹುಡುಗ. ಅವನ 'ಮ್ಯಾನಿಂಗ್ ಫೈರ್‌ವರ್ಕ್ಸ್' 2024ರ ಸೆಪ್ಟೆಂಬರ್ ಮೊದಲ ವಾರ ಬಂತು. ಅದೇ ತಿಂಗಳ ಕೊನೆಗೆ ಹೆಲೀನ್ ಚಂಡಮಾರುತದ ನೆರೆ ಬಂದು ಅವನ ಊರನ್ನು ಕೊಚ್ಚಿತು. ಹಾಡುಗಳು ಅದಕ್ಕೂ ಮೊದಲಿನವು, ನಗೆಚಾಟಿಕೆಯವು. ಒಂದರಲ್ಲಿ ಒಬ್ಬ ಜಂಬ ಕೊಚ್ಚುತ್ತಾನೆ. ಬಫಲೊದಲ್ಲಿ ಬೀಚ್ ಮನೆಯಿದೆಯಂತೆ. ಮೊಣಕಾಲುದ್ದ ಹಿಮ ಬೀಳುವ ಊರು ಅದು, ಸಮುದ್ರವೇ ಇಲ್ಲ! ಕೈಯಲ್ಲಿ ಇರುವ ವಾಚು ದಿಕ್ಸೂಚಿಯೂ ಹೌದು, ಫೋನೂ ಹೌದು. ಕೊನೆಗೆ ಆ ವಾಚು ಅವನಿಗೆ ಹೇಳುವುದು ನೀನು ಒಂಟಿ ಅಂತ. ನಾನು ಇದನ್ನು ಕೇಳಿ ನಕ್ಕೆ. ಆಮೇಲೆ ನನ್ನ ಮಣಿಕಟ್ಟು ನೋಡಿಕೊಂಡೆ. ಎದ್ದು ನಾಲ್ಕು ಹೆಜ್ಜೆ ನಡೆ ಅಂತ ಅದು ಹೇಳುತ್ತಿತ್ತು.

ಸಿಯೆರಾ ಫೆರೆಲ್‌ಳ 'ಟ್ರೇಲ್ ಆಫ್ ಫ್ಲವರ್ಸ್' ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವೆಸ್ಟ್ ವರ್ಜೀನಿಯಾದಿಂದ ಹೊರಟು, ಗೂಡ್ಸ್ ರೈಲು ಹತ್ತಿ ಊರೂರು ಅಲೆದು, ಬೀದಿಯಲ್ಲಿ ಹಾಡಿದವಳು 2025ರಲ್ಲಿ ಒಂದೇ ದಿನ ನಾಲ್ಕು ಗ್ರ್ಯಾಮಿ ಹೊತ್ತುಕೊಂಡು ಹೋದಳು. ಕೇಳಿ, ಅಷ್ಟೇ.

ಅದೇ ಸಮಾರಂಭದಲ್ಲಿ ಕಪ್ಪು ಪಾಪ್ ತಾರೆ ಬೆಯೊನ್ಸೆಯ 'ಕೌಬಾಯ್ ಕಾರ್ಟರ್' ಶ್ರೇಷ್ಠ ಕಂಟ್ರಿ ಆಲ್ಬಂ ಅನ್ನಿಸಿಕೊಂಡಿತು. ವರ್ಷದ ಆಲ್ಬಂ ಪ್ರಶಸ್ತಿಯೂ ಅದಕ್ಕೇ. ಅದಕ್ಕೆ ಕೆಲವೇ ತಿಂಗಳ ಮೊದಲು ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತ ಸಂಘದ (ಸಿಎಂಎ) ಪ್ರಶಸ್ತಿಯವರು ಅದನ್ನು ಒಂದೇ ಒಂದು ಪಟ್ಟಿಗೂ ಸೇರಿಸಿರಲಿಲ್ಲ. ಬೆಯೊನ್ಸೆ ಟೆಕ್ಸಸ್‌ನ ಹ್ಯೂಸ್ಟನ್‌ನವಳು. ಟೆಕ್ಸಸ್‌ನವಳು ಕಂಟ್ರಿ ಅಲ್ಲದಿದ್ದರೆ ಇನ್ಯಾರು? ಬಣ್ಣದ ಬೇಲಿ ಅದು, ಬಿಡಿ. ನನ್ನ ತಕರಾರು ಬೇರೆ: 27 ಟ್ರ್ಯಾಕ್ ಜಾಸ್ತಿಯಾಯಿತು. ಅರ್ಧಕ್ಕೆ ಇಳಿಸಿದ್ದರೆ ಇನ್ನೂ ಕುದುರುತ್ತಿತ್ತು.

ಆ ಆಲ್ಬಂನ ಅತ್ಯಂತ ಜನಪ್ರಿಯ ಹಾಡಿನಲ್ಲಿ ಬ್ಯಾಂಜೊ ನುಡಿಸಿದವಳು ಕಪ್ಪು ಕಲಾವಿದೆ ರಿಯಾನನ್ ಗಿಡೆನ್ಸ್. ಬ್ಯಾಂಜೊ ಬಿಳಿಯರ ವಾದ್ಯ ಅಂತ ಇಲ್ಲಿ ಬಹಳ ಜನ ನಂಬಿದ್ದಾರೆ. ಅದರ ಮೂಲ ಪಶ್ಚಿಮ ಆಫ್ರಿಕಾ. ಗುಲಾಮರಾಗಿ ಬಂದವರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ ಅದು. ಗಿಡೆನ್ಸ್ ಮತ್ತು ಅವಳ ಜೊತೆ ನುಡಿಸುವ ಜಸ್ಟಿನ್ ರಾಬಿನ್ಸನ್ 2005ರ ಸುಮಾರಿಗೆ ನಮ್ಮ ರಾಜ್ಯದ ಮೆಬೇನ್ ಊರಿನ ಜೋ ಥಾಂಪ್ಸನ್ ಅನ್ನುವ ಕಪ್ಪು ಪಿಟೀಲು ವಾದಕನ ಮನೆಗೆ ಹೋಗಿ ಕಲಿತರು. ಥಾಂಪ್ಸನ್ 2012ರಲ್ಲಿ ತೀರಿಕೊಂಡ. 2025ರಲ್ಲಿ ಈ ಇಬ್ಬರು ಪಿಟೀಲು, ಬ್ಯಾಂಜೊ ಹಿಡಿದು ಅವನ ಮನೆಗೇ ಮರಳಿ ಹೋಗಿ, ಬಯಲಲ್ಲಿ ಕೂತು ನುಡಿಸಿದ ಆಲ್ಬಂ ಹೊರಬಂತು. ಹೆಸರು ಉದ್ದ: 'ವಾಟ್ ಡಿಡ್ ದ ಬ್ಲ್ಯಾಕ್‌ಬರ್ಡ್ ಸೇ ಟು ದ ಕ್ರೋ'. ಕರಿಹಕ್ಕಿ ಕಾಗೆಗೆ ಏನಂದಿತು?

ಮೆಬೇನ್ ಅಂದರೆ ಇಲ್ಲಿನ ನಮ್ಮ ಕನ್ನಡದವರಿಗೆಲ್ಲ ಔಟ್‌ಲೆಟ್ ಮಾಲ್. ಊರಿನಿಂದ ಅಪ್ಪ ಅಮ್ಮ ಬಂದರೆ ಶೂ ಕೊಡಿಸಲು ಕರೆದುಕೊಂಡು ಹೋಗುವ ಜಾಗ. ಹೆದ್ದಾರಿಯಿಂದ ಇಳಿದು ಎಡಕ್ಕೆ ತಿರುಗಿ ಬಲಕ್ಕೆ ಪಾರ್ಕ್ ಮಾಡುವ ನಮಗೆ ಅಲ್ಲೊಬ್ಬ ದೊಡ್ಡ ವಿದ್ವಾಂಸ ಬದುಕಿದ್ದ ಎನ್ನುವುದರ ಸುಳಿವೂ ಇರುವುದಿಲ್ಲ.

ಆ ಆಲ್ಬಂನಲ್ಲಿ ಇನ್ನೊಂದು ವಾದ್ಯವಿದೆ: ಜೀರುಂಡೆ. 2024ರ ವಸಂತದಲ್ಲಿ ಈ ದೇಶದಲ್ಲಿ 13 ವರ್ಷಕ್ಕೊಮ್ಮೆ ಏಳುವ ಒಂದು ಜೀರುಂಡೆ ಸಂತತಿ, 17 ವರ್ಷಕ್ಕೊಮ್ಮೆ ಏಳುವ ಇನ್ನೊಂದು ಸಂತತಿ, ಎರಡೂ ಒಟ್ಟಿಗೆ ನೆಲದಿಂದ ಎದ್ದವು. ಅವೆರಡೂ ಹಿಂದೆ ಒಟ್ಟಿಗೆ ಎದ್ದದ್ದು 1803ರಲ್ಲಿ. ನಮ್ಮ ರಾಜ್ಯದಲ್ಲಿ ಎದ್ದದ್ದು 13ರವು. ಬೇರೆ ಯಾರಾದರೂ ಆಗಿದ್ದರೆ ಸ್ಟುಡಿಯೊ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇವರು ಸುಮ್ನೆ ನುಡಿಸುತ್ತಾ ಹೋದರು. ಅಮ್ಮ ಬಂದಿದ್ದಾಗ ಅಡುಗೆಮನೆಯಲ್ಲಿ ಇದನ್ನು ಹಾಕಿದ್ದೆ. ಹುಳಿಗೆ ಹುಣಸೆ ಕಿವುಚುತ್ತಿದ್ದವರು ತಲೆಯೆತ್ತಿ, "ಏನೋ ಇದು, ನಮ್ಮನೆ ಹಿತ್ತಲಿನ ಸದ್ದು" ಅಂದರು. ಪಿಟೀಲಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಇಬ್ಬರು ದೊಡ್ಡ ಕಲಾವಿದರ ಜುಗಲ್‌ಬಂದಿಯನ್ನು ಹುಳಗಳು ಗೆದ್ದುಕೊಂಡವು.

ಇದೆಲ್ಲ ನಮಗೆ ಪೂರ್ತಿ ಪರಕೀಯವೂ ಅಲ್ಲ. 1927ರ ಆಗಸ್ಟಿನಲ್ಲಿ ಇಲ್ಲಿನ ಟೆನ್ನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿನಲ್ಲಿ ಮೊದಲ ರೆಕಾರ್ಡ್ ಮಾಡಿದ ಜಿಮ್ಮಿ ರಾಜರ್ಸ್ ಯೋಡ್ಲಿಂಗಿಗೆ, ಅಂದರೆ ದನಿಯನ್ನು ಥಟ್ಟನೆ ಮೇಲಕ್ಕೂ ಕೆಳಕ್ಕೂ ಹಾರಿಸಿ ಹಾಡುವುದಕ್ಕೆ, ಹೆಸರಾದವನು. ಅವನ ಮತ್ತು ನ್ಯೂಜಿಲೆಂಡಿನ ಕಂಟ್ರಿ ಗಾಯಕ ಟೆಕ್ಸ್ ಮಾರ್ಟನ್‌ನ ರೆಕಾರ್ಡುಗಳನ್ನು ಅನೂಪ್ ಕುಮಾರ್ ಮನೆಗೆ ತಂದಿಟ್ಟಿದ್ದನಂತೆ. ತಮ್ಮ ಕಿಶೋರ್ ಕುಮಾರ್ ಅದನ್ನು ಕೇಳಿಯೇ ಯೋಡ್ಲಿಂಗ್ ಕಲಿತ ಅಂತ ಹೇಳುತ್ತಾರೆ. ಆ ಕಿಶೋರ್ ಕುಮಾರ್ ನಮ್ಮ ದ್ವಾರಕೀಶ್ ಚಿತ್ರಕ್ಕೂ ಬಂದು ಒಂದು ಹಾಡು ಹಾಡಿಹೋದ. ಆರ್ಕೆಸ್ಟ್ರಾದವರು ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಈಗ ನಾವು ಕೊಟ್ಟದ್ದು ಅತ್ತ ಹೋಗಿದೆ. ಟೈಲರ್ ಚಿಲ್ಡರ್ಸ್ ಕೆಂಟಕಿಯ ಲಾರೆನ್ಸ್ ಕೌಂಟಿಯವನು, ಕಲ್ಲಿದ್ದಲಿನ ಸೀಮೆ. ಅವನ 2025ರ ಆಲ್ಬಂ 'ಸ್ನೈಪ್ ಹಂಟರ್'. ಹೊಸಬನೊಬ್ಬನ ಕೈಗೆ ಚೀಲ ಕೊಟ್ಟು, ಸ್ನೈಪ್ ಹಕ್ಕಿ ಹಿಡಿದುಕೊಂಡು ಬಾ ಅಂತ ರಾತ್ರಿ ಕಾಡಿಗೆ ಅಟ್ಟಿ, ಉಳಿದವರು ಮನೆಗೆ ಬಂದು ನಗುವುದು ಅಲ್ಲಿನ ಹಳೆಯ ಕೀಟಲೆ. ಅದೇ ಈ ಹೆಸರು. ಆಲ್ಬಂನಲ್ಲಿ 'ತೀರ್ಥಯಾತ್ರ' ಅಂತಲೇ ಒಂದು ಹಾಡಿದೆ. ಭಗವದ್ಗೀತೆ ಓದಿಕೊಂಡ ಕೆಂಟಕಿಯವನು ಕುರುಕ್ಷೇತ್ರಕ್ಕೆ ಹೋಗಬೇಕು ಅನ್ನುತ್ತಾನೆ. ಮೊದಲ ಸಲ ಕೇಳಿದಾಗ ನಾನು ಕಾರಿನಲ್ಲಿ ವಾಲ್ಯೂಮ್ ಏರಿಸಿದೆ. ಯಕ್ಷಗಾನದ ಭಾಗವತರ ಬಾಯಲ್ಲಿ ಕೇಳಿ ಬೆಳೆದ ಹೆಸರು ಆ ಬೆಟ್ಟದ ಎಳೆತದಲ್ಲಿ ಬಂದರೆ ಮೈ ಜುಂ ಅನ್ನುತ್ತದೆ, ನಗುವೂ ಬರುತ್ತದೆ. ಯೋಚಿಸಿದರೆ ಹೊಂದುತ್ತದೆ ಕೂಡ. ಹ್ಯಾಟ್‌ಫೀಲ್ಡ್ ಮತ್ತು ಮಕಾಯ್ ಮನೆತನಗಳು ತಲೆತಲಾಂತರಕ್ಕೆ ನೆನಪಿರುವಷ್ಟು ಹೊಡೆದಾಡಿಕೊಂಡದ್ದು ಆ ಸೀಮೆಯಲ್ಲೇ. 1878ರಲ್ಲಿ ಒಂದು ಹಂದಿ ಯಾರದ್ದು ಅಂತ ಕೋರ್ಟಿಗೂ ಹೋಗಿದ್ದರು. ಅಂಥ ಕಡೆಯವನಿಗೆ ಅರ್ಜುನನ ಪೇಚು ಅರ್ಥವಾಗದೆ ಇರುತ್ತದೆಯೇ?

ಚಿಲ್ಡರ್ಸ್ ನಿಜವಾಗಿ ಹೊರಡುವುದಾದರೆ ಜೂನಿನಲ್ಲಿ ಮಾತ್ರ ಬೇಡ, ಹರಿಯಾಣದ ಬಿಸಿಲಿಗೆ ಗಿಟಾರಿನ ಅಂಟೇ ಬಿಟ್ಟುಹೋದೀತು. ಗೀತಾ ಜಯಂತಿಯ ಹೊತ್ತಿಗೆ ಹೋಗಲಿ, ಉತ್ಸವವೂ ಸಿಗುತ್ತದೆ. ಹಾಗೇ ದಕ್ಷಿಣಕ್ಕೆ ಇಳಿದು ಉಡುಪಿಗೂ ಬರಲಿ. ಹೊರಗೆ ನಿಂತು ಹಾಡಿದ ಕನಕನ ಕಡೆಗೆ ಕೃಷ್ಣ ತಿರುಗಿದ ಕತೆಯನ್ನು ಯಾರಾದರೂ ಅವನಿಗೆ ಹೇಳಿ. ಅದು ಖಂಡಿತ ಅವನಿಗೆ ಮೂರು ನಿಮಿಷದ ಹಾಡಾಗುತ್ತದೆ. ಊಟ ಮಾಡಿಕೊಂಡೇ ಹೋಗಲಿ, ಮತ್ತೆ ಆ ಹಾಡಿನಲ್ಲಿ ಮಟ್ಟುಗುಳ್ಳದ ಹುಳಿಯನ್ನು ಬರೀ 'ಕರಿ' ಅಂತ ಬರೆಯದಿರಲಿ.