ಆನ್‌ಸೈಟ್ ಗುಳೆ

ರಾಯಚೂರಿನವರು ದುಡಿಯೋಕೆ ಊರು ಬಿಟ್ಟರೆ ಗುಳೆ. ಜಯನಗರದವರು ಬಿಟ್ಟರೆ ಆನ್‌ಸೈಟ್. ಅವರದು ಗೋಣಿಚೀಲ, ಇವರದು 23 ಕೆಜಿಯ ಎರಡು ಸೂಟ್‌ಕೇಸು, ಪುಳಿಯೋಗರೆ ಗೊಜ್ಜಿನ ಸಮೇತ.

ಅಮೆರಿಕದಲ್ಲಿ ದುಡಿಯೋಕೆ ಬೇಕಾದ ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೇಳಿದ ದಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸೂತಕ. "ಮೈಮುರಿದು ದುಡಿಯೋರನ್ನ ಹೀಗಾ ನೋಡೋದು ಸಾರ್?" ಅಂದರು ಎದುರು ಮನೆ ಅಂಕಲ್. ಮನೆಕೆಲಸದವರು ಲಿಫ್ಟ್ ಹತ್ತಬಾರದು ಅಂತ ಬೋರ್ಡ್ ಹಾಕಿಸಿದ್ದು ಇದೇ ಅಂಕಲ್.

ಡಿಸೆಂಬರಿನಲ್ಲಿ ಅವರ ಮಗ ಅಮೆರಿಕದಿಂದ ಮದುವೆಗೆ ಬಂದ, ಜೊತೆಗೆ ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪಿಂಗ್ ಮುಗಿಸೋಣ ಅಂತ. ಅಷ್ಟರಲ್ಲಿ ಹೊಸ ನಿಯಮ: ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಸಾಹೇಬರು ನೋಡುವ ಹಾಗೆ ತೆರೆದಿಡಬೇಕು. ಇಂಟರ್‌ವ್ಯೂ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಹುಡುಗ ರಾತ್ರಿಯೆಲ್ಲ ಕೂತು ಹಳೇ ಪೋಸ್ಟ್ ಅಳಿಸಿದ. ಮೊದಲು ಅಳಿಸಿದ್ದು, 'ಬೆಂಗಳೂರು ತುಂಬಿಹೋಗಿದೆ, ಹೊರಗಿನವರು ಜಾಗ ಖಾಲಿ ಮಾಡಿ'. ದಡ್ಡ! ಅದನ್ನು ಓದಿದ್ದರೆ ಆಫೀಸರ್ ಕುರ್ಚಿ ಕೊಟ್ಟು ಕೂರಿಸುತ್ತಿದ್ದ. ಅವರ ದೊಡ್ಡ ಸಾಹೇಬರದ್ದೂ ಅದೇ ಮಾತಲ್ವಾ?

ಫೋಟೋ ಕಥೆ ಬೇರೆ. ಎರಡಿಂಚು ಅಗಲ, ಎರಡಿಂಚು ಉದ್ದ, ಕನ್ನಡಕ ಹಾಕುವಂತಿಲ್ಲ. ಕನ್ನಡಕ ತೆಗೆದರೆ ಇವನಿಗೆ ಕ್ಯಾಮೆರಾನೇ ಕಾಣಲ್ಲ. ಫೋಟೋದಲ್ಲಿ ಹುಡುಗ ಬಸ್ ನಂಬರ್ ಓದುತ್ತಿರುವ ಹಾಗಿದ್ದಾನೆ. ಅಂದ ಹಾಗೆ, 2025ರ ಜನವರಿಯಲ್ಲಿ ಬೆಂಗಳೂರಿಗೂ ಅಮೆರಿಕದ ಕಾನ್ಸುಲೇಟ್ ಬಂತು. ಭರ್ಜರಿ ಉದ್ಘಾಟನೆ. ವೀಸಾ ಮಾತ್ರ ಸದ್ಯಕ್ಕಿಲ್ಲ ಅಂದರು. ಊಟ ಹಾಕದ ಛತ್ರ!

ನಗು ಬರುತ್ತೆ, ಆಮೇಲೆ ನಮ್ಮ ಬೆಂಗಳೂರಿನದೇ ಕರಿಯಮ್ಮನ ಅಗ್ರಹಾರ ನೆನಪಾಗುತ್ತೆ. 2020ರ ಜನವರಿಯಲ್ಲಿ 'ಬಾಂಗ್ಲಾದವರು' ಅಂತ ಹೇಳಿ ಅಲ್ಲಿನ ಶೆಡ್‌ಗಳನ್ನು ಕೆಡವಿದರು. ಒಳಗಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್ ತೋರಿಸಿದರು, ವೋಟರ್ ಕಾರ್ಡ್ ತೋರಿಸಿದರು. ಅದು ತಪ್ಪು ಅಂತ ಹೇಳೋಕೆ ಹೈಕೋರ್ಟೇ ಬೇಕಾಯಿತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಆವತ್ತು ಸೂತಕ ಇರಲಿಲ್ಲ, ಚಪ್ಪಾಳೆ ಇತ್ತು. ನಮ್ಮ ಫ್ಲ್ಯಾಟಿಗೆ ಗಾರೆ ಕಲಸಿದವರು ಅಂಥ ಶೆಡ್‌ನಲ್ಲೇ ಮಲಗುತ್ತಿದ್ದರು. ನಾಚಿಕೆಯಾಗಬೇಕು ನಮಗೆ.

ಹುಡುಗ ಈಗ ರಾತ್ರಿಯೆಲ್ಲ ಬೆಡ್‌ರೂಮಿನಿಂದಲೇ ಅಮೆರಿಕಕ್ಕೆ ದುಡಿಯುತ್ತಾನೆ, ಹಗಲು ಮಲಗುತ್ತಾನೆ. ನಿನ್ನೆ ಅವರ ಮನೆ ಕಸ ಗುಡಿಸುವ ದೇವದುರ್ಗದ ಹೆಂಗಸು, ನಾಲ್ಕು ಮಹಡಿ ಹತ್ತಿ ಬಂದವಳು, ಬಾಗಿಲಲ್ಲೇ ನಿಂತು ಅಂಕಲ್‌ನ ಕೇಳಿದಳು:

"ಅಣ್ಣಾರು ಇನ್ನಾ ಗುಳೆ ಹೋಗಿಲ್ಲೇನ್ರೀ?"