ಅಲ್ಟ್ರಾದಲ್ಲಿಟ್ರೆ ಸ್ವೆಟರ್ ಬೇಗ ಒಣಗುತ್ತಂತೆ

ಗೇಮ್‌ಗಳಿಗೆ ಅಪ್‌ಡೇಟ್ ಬಿಡೋರ ಹತ್ರ ನಂದೊಂದೇ ಬೇಡಿಕೆ. ಕಥೆ ಬದಲಾಯಿಸಿ, ಹೀರೋನ ಸಾಯ್ಸಿ, ಬೇಕಾದ್ರೆ ಕುದುರೆಗೆ ರೆಕ್ಕೆ ಕಟ್ಟಿ, ಆದ್ರೆ ನಾನು ಕೂತು ಕೂತು ಹೊಂದಿಸಿಟ್ಟಿರೋ ಗ್ರಾಫಿಕ್ಸ್ ಸೆಟ್ಟಿಂಗ್ಸ್ ಮಾತ್ರ ಮುಟ್ಬೇಡ್ರಪ್ಪ. ನಿನ್ನೆ ಮತ್ತೆ ಅದೇ ಆಯ್ತು. ರಾತ್ರಿಯಿಡೀ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ, ನೆಟ್ ಬಂತು ಅನ್ನೋಷ್ಟರಲ್ಲಿ ಹೋಗುತ್ತೆ, ಅದ್ರಲ್ಲೇ ಕುಂಟ್ಕೊಂಡು ಕುಂಟ್ಕೊಂಡು 40 ಜಿಬಿ ಇಳಿದು, ಬೆಳಿಗ್ಗೆ ಓಪನ್ ಮಾಡಿದ್ರೆ ಎಲ್ಲಾ ತುತ್ತತುದಿಗೆ: ಶ್ಯಾಡೋ ಅಲ್ಟ್ರಾ, ಫಾಗ್ ಅಲ್ಟ್ರಾ, ಬೆಳಕು ನಿಜವಾಗಿ ಹೇಗೆ ಬೀಳುತ್ತೋ ಹಾಗೇ ಲೆಕ್ಕ ಹಾಕೋ ರೇ ಟ್ರೇಸಿಂಗೂ ಆನ್. ಆಟೋ ಡಿಟೆಕ್ಟ್ ಅಂತೆ. ಏನನ್ನ ಡಿಟೆಕ್ಟ್ ಮಾಡ್ತೋ ದೇವರಿಗೇ ಗೊತ್ತು, ಚಿತ್ರ ಬಿಡಿಸೋ ನನ್ನ ಗ್ರಾಫಿಕ್ಸ್ ಕಾರ್ಡನ್ನಂತೂ ಅಲ್ಲ. ಪರದೆ ಮೂಲೇಲಿ ಹಸಿರು ಅಕ್ಷರದಲ್ಲಿ 27 ಅಂತ ತೋರಿಸ್ತಾ ಇದೆ, ಅಂದ್ರೆ ಸೆಕೆಂಡಿಗೆ 27 ಚಿತ್ರ, ಅದಕ್ಕೇ ಫ್ರೇಮ್ ಅನ್ನೋದು. 27 ಫ್ರೇಮಲ್ಲಿ ಹೀರೋ ಓಡಲ್ಲ ಮಾರಾಯ್ರೆ, ತೆವಳ್ತಾನೆ.

ಅಗಲದ ಮಾನಿಟರ್ ಇಟ್ಕೊಂಡಿರೋ ಎಲ್ಲರದ್ದೂ ಇದೇ ಗೋಳು. ಅಂಗಡೀಲಿ ನೋಡುವಾಗ ಆಹಾ ಅನ್ಸುತ್ತೆ. ಮನೆಗೆ ತಂದ್ಮೇಲೆ ಲೆಕ್ಕ ಹಾಕಿ ನೋಡಿ. ಹಳೇ 1920×1080 ಪರದೇಲಿ ಇದ್ದಿದ್ದು 20.7 ಲಕ್ಷ ಪಿಕ್ಸೆಲ್, ಈ 3440×1440ರಲ್ಲಿ 49.5 ಲಕ್ಷ. ಕಾರ್ಡ್ ಮಾತ್ರ ಅದೇ ಹಳೇದು. ಒಂದು ಪಂಕ್ತಿಗೆ ಅಂತ ಮಾಡಿದ ಅಡುಗೇಲಿ ಎರಡೂವರೆ ಪಂಕ್ತಿ ಬಡಿಸು ಅಂದಂಗೆ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದ್ರೆ ಒಂದೊಂದಕ್ಕೂ ಅದಕ್ಕೆ ಸಿಗೋದು 16.6 ಮಿಲಿಸೆಕೆಂಡ್, ಅಷ್ಟರಲ್ಲಿ ಪಾಪ ಎಲ್ಲಾ ಪಿಕ್ಸೆಲ್‌ಗೂ ಬಣ್ಣ ಬಳೀಬೇಕು. ಅದೂ ಅಲ್ದೆ ಪರದೆ ಅಗಲ ಆದ್ರೆ ಆಜುಬಾಜಿನ ಮರ, ಮನೆ, ದನ, ಕರು ಎಲ್ಲಾ ಕಣ್ಣಿಗೆ ಬೀಳುತ್ತೆ, ಅದನ್ನೂ ಬಿಡಿಸ್ಬೇಕು. ಇಷ್ಟೆಲ್ಲಾ ಆಗಿ ಕಥೆ ಹೇಳೋ ಸೀನ್ ಬಂದ್ರೆ ಎಷ್ಟೋ ಆಟದಲ್ಲಿ ಎರಡೂ ಕಡೆ ಕಪ್ಪು ಪಟ್ಟಿ. ದುಡ್ಡು ಕೊಟ್ಟು ತಂದಿದ್ದೇ ಆ ಅಗಲಕ್ಕೆ, ಅಲ್ಲೇ ಕಪ್ಪು!

ಇದಕ್ಕೆ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಂತ, ಚಿತ್ರ ಚಿಕ್ಕದಾಗಿ ಬಿಡಿಸಿ ಆಮೇಲೆ ಹಿಗ್ಗಿಸೋ ಮದ್ದು ಇದೆಯಲ್ಲ ಅಂತೀರಿ. ಇದೆ, ನಾನೂ ಹಾಕ್ತೀನಿ, ಫ್ರೇಮೂ ಏರುತ್ತೆ. ಆದ್ರೆ ಅದರೊಳಗಿನ ತಮಾಷೆ ನೋಡಿ. ಕ್ವಾಲಿಟಿ ಅನ್ನೋ ಮೋಡಲ್ಲಿಟ್ರೆ ಕಾರ್ಡ್ ನಿಜವಾಗಿ ಬಿಡಿಸೋದು 2293×960, ಅಂದ್ರೆ 22 ಲಕ್ಷ ಪಿಕ್ಸೆಲ್, ಮಿಕ್ಕಿದ್ದೆಲ್ಲಾ ಅಂದಾಜು. ಆ ಹಳೇ ಮಾನಿಟರಿನ 20.7 ಲಕ್ಷಕ್ಕೂ ಇದಕ್ಕೂ ಎಷ್ಟು ದೂರ ಹೇಳಿ? ಅಷ್ಟು ದುಡ್ಡು ಸುರಿದು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಂತ್ವಿ. ನೋಡೋಕೆ ಚೆನ್ನಾಗೇ ಕಾಣುತ್ತೆ, ಸುಳ್ಳು ಯಾಕೆ ಹೇಳ್ಲಿ, ಆದ್ರೂ ಈ ಲೆಕ್ಕ ತಲೇಲಿ ಕೊರೀತಾನೇ ಇರುತ್ತೆ.

ಹಾಗಾಗಿ ನಾವೆಲ್ಲ ಆಟ ಆಡೋದಕ್ಕಿಂತ ಜಾಸ್ತಿ ಹೊತ್ತು ಸೆಟ್ಟಿಂಗ್ಸ್ ಆಡ್ತೀವಿ. ಟೆಕ್ಸ್ಚರ್, ಅಂದ್ರೆ ಗೋಡೆ ಬಟ್ಟೆಗಳ ಮೇಲಿನ ಚಿತ್ತಾರ, ಹೈಯಲ್ಲೇ ಇರ್ಲಿ, ಕಾರ್ಡಲ್ಲಿ ಮೆಮೊರಿ ಇದ್ರೆ ಅದ್ರಿಂದ ಫ್ರೇಮ್ ಹೆಚ್ಚೇನೂ ಬೀಳಲ್ಲ. ನೆರಳು ಇಳ್ಸು, ನೀರಲ್ಲಿ ಕಾಣೋ ಪ್ರತಿಬಿಂಬ ಇಳ್ಸು. ಇನ್ನೊಂದು ದುಬಾರಿ ಯಾವುದು ಗೊತ್ತಾ, ಮಂಜು. ವಾಲ್ಯೂಮೆಟ್ರಿಕ್ ಫಾಗ್ ಅಂತ ಇರುತ್ತಲ್ಲ, ಅದನ್ನ ಅಲ್ಟ್ರಾದಿಂದ ಲೋಗೆ ತಂದ ತಕ್ಷಣ ಹತ್ತು ಫ್ರೇಮ್ ಕೈಗೆ ಬರುತ್ತೆ. ಬೆಂಗಳೂರಿಂದ ಜನ ರಾತ್ರಿಯೆಲ್ಲಾ ಕಾರು ಓಡ್ಸ್ಕೊಂಡು ಬಂದು ರಾಜಾಸೀಟಲ್ಲಿ ಮಂಜು ನೋಡೋಕೆ ನಿಂತಿರ್ತಾರೆ, ಇಲ್ಲಿ ಮಡಿಕೇರೀಲೇ ಹುಟ್ಟಿ ಬೆಳೆದ ನಾನು ಮಂಜು ಆಫ್ ಮಾಡೋ ಬಟನ್ ಹುಡುಕ್ತಾ ಕೂತಿದೀನಿ. ಕಿಟಕಿ ಆಚೆ ನೋಡಿದ್ರೆ ಪಕ್ಕದ್ಮನೆ ಸಿಲ್ವರ್ ಓಕ್ ಅರ್ಧಕ್ಕೆ ಮಾಯ ಆಗಿರುತ್ತೆ, ಒಂದು ಫ್ರೇಮೂ ಬೀಳಲ್ಲ.

ಇರ್ಲಿ, ಇದೆಲ್ಲಾ ನಿಮ್ಮನೇಲೂ ಇದ್ದಿದ್ದೇ. ನಮ್ಮನೇಲಿ ಮಾತ್ರ ಇರೋ ಸಮಸ್ಯೆ ಅಂದ್ರೆ ಅಮ್ಮ.

ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗಲ್ಲ. ಹಗ್ಗದಲ್ಲಿ ವಾರಗಟ್ಟಲೆ ನೇತಾಡುತ್ತೆ, ಮುಟ್ಟಿದ್ರೆ ತಣ್ಣಗೆ, ಮೂಸಿದ್ರೆ ಮುಗ್ಗಲು. ಅಕ್ಕನ ಮಗ ನಮ್ಮಲ್ಲೇ ಇದ್ದು ಸ್ಕೂಲಿಗೆ ಹೋಗ್ತಾನೆ, ಅವನಿಗೆ ದಿನಾ ಬಿಳಿ ಸಾಕ್ಸು, ಮರೂನ್ ಸ್ವೆಟರು. ಒಂದಿನ ಅಮ್ಮ ಕಸ ಗುಡಿಸ್ತಾ ಟೇಬಲ್ ಕೆಳಗೆ ಬಗ್ಗಿದೋರು ಸಿಪಿಯು ಹಿಂದೆ ಕೈ ಇಟ್ಟು ಹಾಗೇ ನಿಂತ್ಬಿಟ್ರು. "ಇದ್ಯಾಕೋ ಇಷ್ಟು ಬಿಸಿ ಗಾಳಿ ಬರ್ತಾ ಇದೆ?" ಅಂದ್ರು. ಮಾರನೇ ದಿನ ಟೇಬಲ್ ಕಾಲಿಗೂ ಕಿಟಕಿ ಸರಳಿಗೂ ದಾರ ಕಟ್ಟಿ, ಕ್ಲಿಪ್ ಹಾಕಿ ಸಾಕ್ಸು ನೇತಾಕಿದ್ರು. ಒಣಗ್ತು. ಅಲ್ಲಿಗೆ ಮುಗೀತು ನನ್ನ ಕಥೆ.

ಈಗ ಅಮ್ಮಂಗೆ ಗ್ರಾಫಿಕ್ಸ್ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತು. ಮೀಡಿಯಂಗೆ ಇಳಿಸಿ 60 ಫ್ರೇಮ್ ದಾಟದಂಗೆ ಲಾಕ್ ಹಾಕಿದ್ರೆ ಕಾರ್ಡ್ ಆರಾಮಾಗಿರುತ್ತೆ, ಗಾಳಿ ಉಗುರುಬೆಚ್ಚಗೆ, ಸಾಕ್ಸು ಹಸಿ. ಅಲ್ಟ್ರಾ ಹಾಕಿ ಲಾಕ್ ತೆಗೆದ್ರೆ ಅದರ 170 ವ್ಯಾಟೂ ಬಿಸಿಯಾಗೇ ಹೊರಗೆ. ಅದಕ್ಕೇ ಊಟ ಆದ್ಮೇಲೆ ಬಂದು ನಿಂತು "ಇವತ್ತು ಆ ಕುದುರೆ ಆಟ ಆಡು ಮಗಾ, ಗೋಡೆ ಹತ್ತೋ ಆಟ ಬೇಡ, ಅದ್ರಲ್ಲಿ ಬಿಸಿ ಸಾಲಲ್ಲ" ಅಂತಾರೆ. ಕೆಲವು ಆಟಗಳ ಮೆನು ಪರದೇಲಿ ಫ್ರೇಮಿಗೆ ಲಗಾಮೇ ಇರಲ್ಲ, ಸುಮ್ನೆ ನಿಂತಿರೋ ಚಿತ್ರಾನೇ ಸೆಕೆಂಡಿಗೆ ನೂರಾರು ಸಲ ಬಿಡಿಸ್ತಾ ಕಾರ್ಡು ಕೆಂಡ ಆಗುತ್ತೆ, ಅದನ್ನೂ ಕಂಡುಹಿಡಿದಿದಾರೆ. "ನೀನು ಮಲ್ಕೋ, ಅದನ್ನ ಹಾಗೇ ಬಿಟ್ಟಿರು." ಹೀಟರ್ ತಗೊಳ್ಳಮ್ಮ ಅಂದ್ರೆ ಅದಕ್ಕೆ 2000 ವ್ಯಾಟ್ ಅಂತೆ, ಬಿಲ್ ಯಾರು ಕಟ್ತಾರೆ ಅಂತೆ, ಇದಾದ್ರೆ ಹೇಗಿದ್ರೂ ನೀನು ಆಡ್ತಾನೇ ಇರ್ತೀಯಲ್ಲ ಅಂತೆ. ಈ ವಾದಕ್ಕೆ ಉತ್ತರ ಇದ್ರೆ ನೀವೇ ಕೊಡಿ.

ಸಾಕ್ಸು ಹೋಗ್ಲಿ ಬಿಡಿ, ಹಿಂದೆ ಇರುತ್ತೆ, ಗಾಳಿಗೆ ಅಡ್ಡ ಇಲ್ಲ. ಮೊನ್ನೆ ಸಂಜೆ ಆಗಿದ್ದು ಬೇರೆ. ಆಟ ಶುರು ಮಾಡಿ ಹತ್ತು ನಿಮಿಷಕ್ಕೆ 55 ಇದ್ದ ಫ್ರೇಮ್ 40 ಆಯ್ತು, ಆಮೇಲೆ 31. ಶ್ಯಾಡೋ ಇಳಿಸ್ದೆ. 28. ಫಾಗ್ ತೆಗೆದೆ, ಹುಲ್ಲು ತೆಗೆದೆ, ಹೀರೋನ ಮುಖ ಮಣ್ಣಿನ ಮುದ್ದೆ ಥರ ಕಾಣೋ ಮಟ್ಟಕ್ಕೆ ಎಲ್ಲಾ ಲೋಗೆ ತಂದೆ, 24. ಕಾರ್ಡ್ ನಡೆಸೋ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕ್ದೆ. ಮಧ್ಯೆ ಕರೆಂಟ್ ಹೋಯ್ತು, ಯುಪಿಎಸ್ ಕುಯ್ಯೋ ಅಂತು, ಕರೆಂಟ್ ಬಂತು, ಮತ್ತೆ ಮೊದಲಿಂದ. ಫ್ಯಾನ್ ಸದ್ದು ಹೇಗಿತ್ತು ಅಂದ್ರೆ ಅಪ್ಪ ಹಾಲ್‌ನಿಂದ ಮಿಕ್ಸಿ ಆಫ್ ಮಾಡ್ರೋ ಅಂತ ಕೂಗಿದ್ರು. ಕಾರ್ಡಿನ ಬಿಸಿ ನೋಡಿದ್ರೆ 87 ಡಿಗ್ರಿ, ಕಾರ್ಡ್ ತನ್ನನ್ನ ತಾನು ಉಳಿಸ್ಕೊಳ್ಳೋಕೆ ವೇಗ ಕಡಿಮೆ ಮಾಡ್ಕೊಂಡು ಕೂತಿದೆ. ಗೋಣಿಕೊಪ್ಪದಲ್ಲಿರೋ ಫ್ರೆಂಡಿಗೆ ಫೋನ್ ಮಾಡಿದ್ರೆ ಅವನು ಅಲ್ಲಿಂದಲೇ "ಥರ್ಮಲ್ ಪೇಸ್ಟ್ ಹೋಗಿದೆ ಮಾರಾಯ, ಬಿಚ್ಚು" ಅಂತ, ಅಂದ್ರೆ ಚಿಪ್ಪಿನ ಬಿಸಿನ ಹೊರಗೆ ದಾಟಿಸೋ ಪೇಸ್ಟ್ ಕೆಟ್ಟಿದೆ ಅಂತ, ತೀರ್ಪು ಕೊಟ್ಬಿಟ್ಟ. ಸ್ಕ್ರೂಡ್ರೈವರ್ ಹುಡುಕ್ತಾ ಇದ್ದೆ, ಆಗ ಅಕ್ಕನ ಮಗ ಬಾಗಿಲಲ್ಲಿ ಬಂದು ನಿಂತ.

"ಮಾಮ, ನನ್ನ ಸ್ವೆಟರ್ ನೋಡಿದ್ಯಾ?"

ಟೇಬಲ್ ಕೆಳಗೆ ಗೋಡೆ ಕಡೆಗಿದ್ದ ಸಿಪಿಯುನ ಮುಂಭಾಗಕ್ಕೆ, ಗಾಳಿ ಒಳಗೆ ಎಳ್ಕೊಳ್ಳೋ ಜಾಲರಿಗೆ, ಹಸಿ ಉಣ್ಣೆ ಸ್ವೆಟರ್ ಅಂಟಿಸಿಟ್ಟಂಗೆ ಕಚ್ಕೊಂಡಿತ್ತು. ಎರಡೂ ತೋಳು ಸಿಪಿಯುನ ತಬ್ಕೊಂಡಿತ್ತು. ಕಿತ್ತು ತೆಗೆದ್ರೆ ಎದೆ ಮೇಲೆ ಜಾಲರಿಯ ಅಚ್ಚು. ಅಮ್ಮನ್ನ ಕೇಳಿದ್ರೆ "ಅಲ್ಲೂ ಫ್ಯಾನ್ ಇತ್ತಲ್ಲೋ, ಅದು ಊದುತ್ತೋ ಎಳ್ಕೊಳ್ಳುತ್ತೋ ನಂಗೇನು ಗೊತ್ತು, ನೀನು ಮೊದ್ಲೇ ಹೇಳ್ಬೇಕಿತ್ತು" ಅಂತ ನನಗೇ ಬಿತ್ತು ಬೈಗುಳ. ಅಷ್ಟು ಸಾಲದು ಅಂತ, ಸ್ವೆಟರ್ ಮುಟ್ಟಿ ನೋಡಿ "ಒಣಗೇ ಇಲ್ಲ" ಅಂದ್ರು.

ನಾವು ಸ್ಕೂಲಿಗೆ ಹೋಗುವಾಗ ಇದಕ್ಕೆಲ್ಲಾ ಕೆಂಡ ಇತ್ತು. ಹಳೇ ಬಾಣಲೇಲಿ ಕೆಂಡ ಹಾಕಿ, ಮೇಲೆ ಬೆತ್ತದ ಬುಟ್ಟಿ ಕವುಚಿ, ಅದರ ಮೇಲೆ ಅಜ್ಜಿ ಯೂನಿಫಾರ್ಮ್ ಹರಡೋರು, ಪಕ್ಕದಲ್ಲೇ ಕೂತು ಸುಡದೇ ಇರೋ ಹಾಗೆ ಮಗುಚಿ ಹಾಕೋರು. ಬೆಳಿಗ್ಗೆ ಹಾಕ್ಕೊಂಡ್ರೆ ಬೆಚ್ಚಗೆ, ಮೈಯೆಲ್ಲಾ ಹೊಗೆ ವಾಸನೆ. ಕ್ಲಾಸಲ್ಲಿ ಎಲ್ರದ್ದೂ ಅದೇ ವಾಸನೆ ಆಗಿದ್ರಿಂದ ಯಾರಿಗೂ ಗೊತ್ತಾಗ್ತಾ ಇರ್ಲಿಲ್ಲ. ಆ ಬುಟ್ಟಿ ಈಗ ಅಟ್ಟದ ಮೇಲೆ ಎಲ್ಲೋ ಇರ್ಬೇಕು, ಅಜ್ಜಿ ಇಲ್ಲ. ಅಮ್ಮ ದಾರ ಕಟ್ಟುವಾಗ ನಾನು ಬಾಯಿ ಮುಚ್ಕೊಂಡಿರೋದಕ್ಕೆ ಇದೂ ಒಂದು ಕಾರಣ ಇರ್ಬೋದು.

ಹಂಗಂತ 27 ಫ್ರೇಮಲ್ಲಿ ಆಡೋಕಾಗುತ್ತಾ? ಈಗ ಅಮ್ಮಂಗೂ ನಂಗೂ ಒಂದು ಒಪ್ಪಂದ ಆಗಿದೆ. ಮಳೆ ಜೋರಿದ್ದು ಜಿಲ್ಲಾಧಿಕಾರಿಗಳು ನಾಳೆ ಸ್ಕೂಲಿಗೆ ರಜೆ ಅಂದ್ರೆ ಅವತ್ತು ರಾತ್ರಿ ನಂದು, ಮೀಡಿಯಂ ಹಾಕಿ 60ರಲ್ಲಿ ಆಡ್ಬೋದು. ರಜೆ ಇಲ್ಲ ಅಂದ್ರೆ ಅಲ್ಟ್ರಾ. ಹಾಗಾಗಿ ಸಂಜೆ ಆದ್ರೆ ಅಕ್ಕನ ಮಗನಿಗಿಂತ ನಾನೇ ಜಾಸ್ತಿ ವಾಟ್ಸಾಪ್ ನೋಡ್ತಾ ಇರ್ತೀನಿ, ರಜೆ ಆರ್ಡರ್ ಬಂತಾ ಅಂತ. ಆ ಮೆಸೇಜೂ ಹೋದ ವರ್ಷದ್ದು ಯಾರೋ ಫಾರ್ವರ್ಡ್ ಮಾಡಿರ್ತಾರೆ, ತಾರೀಕು ನೋಡದೇ ನಂಬೋ ಹಾಗಿಲ್ಲ.

ನಿನ್ನೆ ಅಪ್‌ಡೇಟ್ ಬಂದು ಎಲ್ಲಾ ಅಲ್ಟ್ರಾ ಆಗಿದ್ದಕ್ಕೆ ಮನೇಲಿ ಖುಷಿ ಪಟ್ಟೋರು ಒಬ್ರೇ. ಆ ಖುಷಿ ಬೇಲಿ ಆಚೆಗೂ ಹೋಗಿದೆ ಅಂತ ಗೊತ್ತಾಗಿದ್ದು ಸ್ವಲ್ಪ ಹೊತ್ತಿನ ಮುಂಚೆ, ಪಕ್ಕದ್ಮನೆ ಆಂಟಿ ಕೈಯಲ್ಲಿ ನೀರು ತೊಟ್ಟಿಕ್ತಾ ಇರೋ ಜರ್ಕಿನ್ ಹಿಡ್ಕೊಂಡು ಬಂದು "ಕಂಪ್ಯೂಟರ್ ಖಾಲಿ ಇದ್ಯಾ?" ಅಂತ ಕೇಳಿದಾಗ. ಅಮ್ಮ ಒಳಗಿಂದ್ಲೇ "ಬನ್ನಿ ಬನ್ನಿ, ಜಾಗ ಇದೆ" ಅಂದ್ರು, ಆಮೇಲೆ ನನ್ನ ಕಡೆ ತಿರುಗಿ, "ಜರ್ಕಿನ್ ದಪ್ಪ ಇದೆ ಮಗಾ, ಆ ರೇ ಟ್ರೇಸಿಂಗ್ ಅಂತ ಇದೆಯಲ್ಲ, ಅದನ್ನೂ ಹಾಕು."